ಉಣ್ಣುವ ಕೈ ಯಾವ ಕಡೆ

ಕಳೆದ ವಾರ ಇಳಕಲ್ಲಿನಲ್ಲಿ ಈರಣ್ಣ ನನ್ನ ಕಾರಿನ ಮುಂದಿನ ಎಡ ಸೀಟನ್ನು ಹಿಂದಕ್ಕೆ ತಳ್ಳಿ, ಅದರ ಕೆಳಗಿದ್ದ ಆಂಪ್ಲಿಫೈಯರನ್ನು ಬೆಳಕಿಗೆ ಎಳೆದಾಗ ಅರಿಶಿನದ ವಾಸನೆ ಬಂತು. ಬಿಸಿಯಾದ ಧೂಳು, ಒಂದಿಷ್ಟು ರಬ್ಬರು, ಅದರ ಮೇಲೆ ತೆಳ್ಳಗೆ ಅರಿಶಿನ. ಸ್ಟೀರಿಯೊ ಕೈಕೊಟ್ಟಿತ್ತು, ಹೊಸದು ಹಾಕಿಸಲು ಹೋಗಿದ್ದೆ. ಬೇರೇನೂ ಉದ್ದೇಶವಿರಲಿಲ್ಲ.

"ಅಕ್ಕೋರ, ಇದರಾಗ ಅರಿಷಿಣ ಯಾರು ಸುರುವಿದ್ರಿ?"

"ಅರಿಶಿನ ಅಲ್ಲೋ, ದೇವರ ಭಂಡಾರ" ಅಂದೆ.

ಅವನು ತಲೆ ಒಳಗೆ ಹಾಕಿ ವೈರುಗಳನ್ನು ನೋಡಿದ, ನಕ್ಕ. "ಇಲ್ಲೊಂದು ಮಜಾ ನೋಡ್ರಿ. ಎಡದ್ದು ಬಲಕ್ಕ ಹೋಗೇತಿ, ಬಲದ್ದು ಎಡಕ್ಕ ಬಂದೇತಿ. ಯಾ ಪುಣ್ಯಾತ್ಮ ಮಾಡ್ಯಾನ್ರಿ ಈ ಕೆಲಸ? ಇರ್ಲಿ, ಹೊಸಾ ಸ್ಟೀರಿಯೊ ಹಾಕೂ ಹೊತ್ತಿನಾಗ ಇದನ್ನೂ ತಿದ್ದಿ ಕೊಡ್ತೇನಿ."

ಆ ಪುಣ್ಯಾತ್ಮ ಅವನೇ. ಮರೆತಿದ್ದಾನೆ. "ಅದನ್ನ ಮುಟ್ಟಬ್ಯಾಡ, ಸ್ವಲ್ಪ ತಡಿ" ಅಂದು ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಚಹಾ ತರಿಸಿದ. ಎದುರಿನ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು, ಮೊದಲಿನಷ್ಟಲ್ಲ, ಒಂದೋ ಎರಡೋ. ಆ ವೈರುಗಳನ್ನು ಹಾಕಿಸಿದ ಮಳೆಗಾಲ ನೆನಪಾಯಿತು.

ಸಿದ್ದಪ್ಪ ನನ್ನ ಗಂಡನ ತಮ್ಮ. ಕಮತಗಿಯಲ್ಲಿ ಸ್ವಲ್ಪ ಹೊಲ, ಕುರಿ, ಹೆಂಡತಿ ಗಂಗವ್ವ. ಎಲ್ಲಕ್ಕಿಂತ ಮೊದಲು ಅವನು ಡೊಳ್ಳಿನವನು. ಬೀರಪ್ಪನ ಗುಡಿಯ ಮೇಳದಲ್ಲಿ ಮುಂದಾಳು. ನಾನು ಹುನಗುಂದದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದವಳು. ನಮ್ಮಪ್ಪ ರೈಲ್ವೆಯಲ್ಲಿದ್ದರು, ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಸೀನುವ ಮೊದಲು ಎಕ್ಸ್‌ಕ್ಯೂಸ್ ಮಿ ಅನ್ನುವುದನ್ನೂ ಸೀನಿದ ಮೇಲೆ ಮತ್ತೊಮ್ಮೆ ಅನ್ನುವುದನ್ನೂ ಕಲಿಸಿದರು. ಮದುವೆಯಾಗಿ ಕಮತಗಿಗೆ ಬಂದ ದಿನ ಅಂಗಳದಲ್ಲಿ ಡೊಳ್ಳು ಬಾರಿಸಿ ಬರಮಾಡಿಕೊಂಡರು. ಅಷ್ಟು ಹತ್ತಿರದಲ್ಲಿ ಡೊಳ್ಳು ಕೇಳಿದ್ದು ಅದೇ ಮೊದಲು. ಸೆರಗು ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಆಗ ಚಡ್ಡಿ ಹಾಕುತ್ತಿದ್ದ ಸಿದ್ದಪ್ಪ ಅದನ್ನು ಜೀವಮಾನವಿಡೀ ಮರೆಯಲಿಲ್ಲ. ಅವನ ಮನೆಯಲ್ಲಿ ಒಗ್ಗರಣೆ ಸಿಡಿದರೂ, "ವೈನಿ, ಕಿವಿ ಮುಚ್ಕೊರ್ರಿ" ಅನ್ನುತ್ತಿದ್ದ.

ನನ್ನ ಗಂಡ ತೀರಿಕೊಂಡ ಮೇಲೆ ಅವರ ಪುಟ್ಟ ಕಾರು ನನ್ನ ಪಾಲಿಗೆ ಉಳಿಯಿತು. ಮಾರಿಬಿಡಿ ಅಂದವರೇ ಹೆಚ್ಚು. ನಾನು ಡ್ರೈವಿಂಗ್ ಕಲಿತೆ. ಹುನಗುಂದದ ಜನ ಕೆಲವು ದಿನ ನಿಂತು ನೋಡಿದರು, ಆಮೇಲೆ ಬಿಟ್ಟರು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸಿದ್ದಪ್ಪನಿಗೆ ಲಕ್ವಾ ಹೊಡೆಯಿತು. ಕುರಿ ದಡ್ಡಿಯಲ್ಲಿ ಬಿದ್ದಿದ್ದ. ದವಾಖಾನೆಯಿಂದ ಬಂದಾಗ ಮಾತು ಮರಳಿ ಬಂದಿತ್ತು, ಕಾಲು ಸ್ವಲ್ಪ ಎಳೆಯುತ್ತಿದ್ದ, ಬಲಗೈ ಮಾತ್ರ ತನ್ನದಲ್ಲದಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಡಾಕ್ಟರು ಗಂಗವ್ವನಿಗೂ ನನಗೂ ನೇರವಾಗಿ ಹೇಳಿದರು: ಕೈಗೆ ಶಕ್ತಿ ಬರುವುದಾದರೆ ಈ ಮೊದಲ ಕೆಲವು ತಿಂಗಳಲ್ಲೇ ಬರಬೇಕು, ಬಾಗಲಕೋಟೆಗೆ ಕರೆತಂದು ಫಿಸಿಯೊಥೆರಪಿ ಮಾಡಿಸಿ, ಬಿಟ್ಟರೆ ಕೈ ಹೀಗೇ ಉಳಿಯುತ್ತದೆ.

ನಾನು ಹುನಗುಂದದಿಂದ ಹೊರಟು, ಕಮತಗಿಯಲ್ಲಿ ಅವನನ್ನು ಹತ್ತಿಸಿಕೊಂಡು ಬಾಗಲಕೋಟೆಯ ನವನಗರಕ್ಕೆ ಹೋಗುವುದೆಂದು ಮಾತಾಯಿತು. ಎರಡು ಸಲ ಬಂದ. ಅಲ್ಲೊಬ್ಬ ಹುಡುಗಿ ಅವನ ಕೈಗೆ ಹಳದಿ ರಬ್ಬರ್ ಚೆಂಡು ಕೊಟ್ಟು, "ಅಜ್ಜಾ, ಹಿಚುಕ್ರಿ" ಅಂದಳು. ಮೂರನೆಯ ಸಲ ಹೋದಾಗ ಕಟ್ಟೆಯ ಮೇಲೆ ಕೂತವನು ಏಳಲಿಲ್ಲ.

"ನಾ ಒಲ್ಲೆ ವೈನಿ. ಸಣ್ಣ ಹುಡುಗೂರ ಚೆಂಡು ಹಿಚುಕಾಕ ನಾ ಬರೂದಿಲ್ಲ."

"ಕೈ ಬ್ಯಾಡೇನು ನಿನಗ?"

"ಉಣ್ಣೂ ಕೈನ ಹೋದ ಮ್ಯಾಲ ಇನ್ನೇನ್ರಿ."

ಗಂಗವ್ವ ಒಳಗಿನಿಂದ ಸನ್ನೆ ಮಾಡಿ ಕರೆದಳು. "ಅಕ್ಕಾ, ನಾಕ ಮಂದಿ ಮುಂದ ಉಣ್ಣೂದ ಬಿಟ್ಟಾರ. ಎಡಗೈಲೆ ಉಣ್ಣಾಕ ನಾಚಿಕಿ ಅಂತ. ಗ್ವಾಡಿ ಕಡೆ ಮಾರಿ ಮಾಡಿ ಕೂಡ್ತಾರ. ಡೊಳ್ಳು ನೋಡಿದ್ರ ಹೊಟ್ಟಿ ಉರೀತೈತಿ ಅಂತ ಅದಕ್ಕ ಕೌದಿ ಹೊಚ್ಚಿಸ್ಯಾರ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಹೆಂಗರ ಮಾಡಿ ಕರಕೊಂಡ ಹೋಗ್ರಿ. ಕಾರಿನಾಗ ಹಾಡರ ಹಚ್ಚಿ ನೋಡ್ರಿ."

ಫೋನಿನಲ್ಲಿ ಅವನದೇ ಡೊಳ್ಳಿನ ರೆಕಾರ್ಡಿಂಗ್ ಇತ್ತು. ಲಕ್ವಾ ಹೊಡೆಯುವ ಮೊದಲು ಬಾಗಲಕೋಟೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಮಾಡಿದ್ದು. ಡೊಳ್ಳಿಗೆ ಎರಡು ಮೈ. ಬಲಗೈಯಲ್ಲಿ ಕೋಲು ಹಿಡಿದು ಒಂದು ಮೈ, ಎಡಗೈಯ ಬರಿ ಅಂಗೈಯಿಂದ ಇನ್ನೊಂದು ಮೈ ಬಾರಿಸುತ್ತಾರೆ. ಸ್ಟುಡಿಯೋದವನು ಆಚೆಗೊಂದು ಈಚೆಗೊಂದು ಮೈಕ್ ಇಟ್ಟು ಎರಡನ್ನೂ ಬೇರೆಬೇರೆಯಾಗಿ ಹಿಡಿದಿದ್ದ. ಬಲದ ಸ್ಪೀಕರಿನಲ್ಲಿ ಕೋಲು, ಎಡದ್ದರಲ್ಲಿ ಅಂಗೈ. ಅದನ್ನು ಹಚ್ಚಿ ಕಾರಿನ ಬಾಗಿಲು ತೆರೆದಿಟ್ಟೆ.

ಸಿದ್ದಪ್ಪ ಒಂದು ಕ್ಷಣ ಕೇಳಿದ. "ಬಂದ್ ಮಾಡ್ರಿ. ಡೊಳ್ಳಲ್ಲ ಇದು, ತಗಡ. ಡೊಳ್ಳು ಅಂದ್ರ ಹೊಟ್ಟ್ಯಾಗ ಕೇಳಬೇಕು. ಒಂದ ಮಾತು ಹೇಳ್ಲ್ಯಾ? ನಿಮ್ಮ ಕಾರಿನಾಗ ಡೊಳ್ಳು ಡೊಳ್ಳಿನಂಗ ಕೇಳಿದ್ರ ನಾ ಬರ್ತೇನಿ. ಅಲ್ಲೀತನಕ ನೀವು ಆರಾಮ ಹೋಗಿಬರ್ರಿ."

ನನ್ನನ್ನು ಸಾಗಹಾಕಲು ಹೇಳಿದ ಮಾತು ಅದು. ಆಕಾಶದ ಹಣ್ಣು ಕೇಳಿದ ಹಾಗೆ. ಆದರೆ ಕಾನ್ವೆಂಟಿನಲ್ಲಿ ಇನ್‌ಸ್ಟ್ರಕ್ಷನ್ ಅಂದರೆ ಅಕ್ಷರಶಃ ಪಾಲಿಸಬೇಕಾದ್ದು. ನಾನು ಕಾರು ತಿರುಗಿಸಿ ಸೀದಾ ಇಳಕಲ್ಲಿಗೆ ಹೋದೆ.

ಈರಣ್ಣ ನನ್ನ ಹಳೆಯ ವಿದ್ಯಾರ್ಥಿ. ನೇಕಾರರ ಮನೆಯವನು, ಮಗ್ಗ ಬಿಟ್ಟು ಕಾರ್ ಆಡಿಯೊ ಹಿಡಿದಿದ್ದ. ಅವನ ಅಂಗಡಿಯ ಸದ್ದು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು, ಅವನ ಮಾತು ಅದಕ್ಕಿಂತ ಮುಂದೆ. ವಿಷಯ ಹೇಳಿದೆ. ಅವನು ನನ್ನ ಮುಂದೆ ಇಟ್ಟಿಗೆಯಂಥ ಒಂದು ಪೆಟ್ಟಿಗೆ ತಂದಿಟ್ಟ. ಅದರ ಮೇಲೆ ಬೆಂಕಿಯ ಚಿತ್ರ, ದೊಡ್ಡ ಅಕ್ಷರದಲ್ಲಿ ಸಾವಿರಾರು ವ್ಯಾಟ್.

"ಇದನ್ನ ಹಾಕಿದ್ರ ಅಕ್ಕೋರ, ನೀವು ಹುನಗುಂದದಾಗ ಹಚ್ಚಿದ್ರ ಅಮೀನಗಡದಾಗ ಕರದಂಟು ತಿನ್ನಾವ್ರು ಕುಣೀತಾರು."

ನಾನು ಕನ್ನಡಕ ಏರಿಸಿ ಪೆಟ್ಟಿಗೆಯ ಹಿಂಬದಿ ಓದಿದೆ. ದೊಡ್ಡ ಅಕ್ಷರದ್ದು ಮ್ಯಾಕ್ಸಿಮಮ್ ಪವರ್. ಕೆಳಗೆ ಇರುವೆಯ ಸಾಲಿನಂತೆ ಆರ್‌ಎಂಎಸ್ ಎಂದು ಬೇರೆ ಲೆಕ್ಕವಿತ್ತು, ಬಲು ಸಣ್ಣದು. ಏನು ವ್ಯತ್ಯಾಸ ಎಂದು ಕೇಳಿದೆ. ಒಂದು ಗಳಿಗೆ ಜೋರಾಗಿ ಕೂಗುವುದು ಮ್ಯಾಕ್ಸಿಮಮ್ಮು, ತಾಸುಗಟ್ಟಲೆ ಸುಸ್ತಾಗದೆ ನಡೆಸುವುದು ಆರ್‌ಎಂಎಸ್ಸು ಎಂದು ಒಪ್ಪಿಕೊಂಡ.

"ಅಂದರೆ ಪಾಠ ಬಾರದ ಹುಡುಗ ಇನ್‌ಸ್ಪೆಕ್ಟರ್ ಬಂದಾಗ ಒಂದು ಸಾಲು ಒದರಿ ಕೂತ ಹಾಗೆ" ಅಂದೆ. "ನಿನ್ನ ಹಾಗೆ."

"ಅದನ್ನ ಇನ್ನೂ ನೆನಪ ಇಟ್ಟೀರೇನ್ರಿ!"

ಬೆಂಕಿಯ ಪೆಟ್ಟಿಗೆ ಒಳಗೆ ಹೋಯಿತು. ಸಣ್ಣ ಕಾರು, ಸಣ್ಣ ಬ್ಯಾಟರಿ. ಭಾರಿ ಆಂಪ್ಲಿಫೈಯರ್ ಹಾಕಿದರೆ ಡೊಳ್ಳಿನ ಪ್ರತಿ ಏಟಿಗೂ ಹೆಡ್‌ಲೈಟ್ ಕಣ್ಣು ಮುಚ್ಚುತ್ತದೆ ಎಂದು ಅವನೇ ಈಗ ಹೇಳತೊಡಗಿದ. ಕೊನೆಗೆ ಆರಿಸಿದ್ದು ನಾಲ್ಕು ಚಾನೆಲ್ಲಿನ, ಟಿಫಿನ್ ಡಬ್ಬಿಯಷ್ಟಿನ ಒಂದು ಸಾಧು ಪ್ರಾಣಿ. ಎರಡು ಚಾನೆಲ್ ಬಾಗಿಲಿನ ಸ್ಪೀಕರುಗಳಿಗೆ. ಉಳಿದೆರಡನ್ನು ಕೂಡಿಸಿ ಒಂದಾಗಿಸಿ ಡಿಕ್ಕಿಯ ದೊಡ್ಡ ಸ್ಪೀಕರಿಗೆ, ಹೊಟ್ಟೆಯಲ್ಲಿ ಕೇಳುವ ಸದ್ದಿಗೆ.

ವೈರಿಂಗ್ ಇಡೀ ದಿನ ಹಿಡಿಯಿತು. ಮೋಡ ಕವಿದಿತ್ತು, ಮಳೆ ಇಲ್ಲ, ಗಾಳಿ ಮಾತ್ರ. ನಮ್ಮ ಕಡೆ ಮುಂಗಾರು ಅಂದರೆ ಅರ್ಧ ಇಷ್ಟೇ. ಬ್ಯಾಟರಿಯಿಂದ ದಪ್ಪ ಕೆಂಪು ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಹಾಡು ಹೊತ್ತ ತೆಳು ಕೇಬಲ್ ಕಾರಿನ ಇನ್ನೊಂದು ಮಗ್ಗುಲಿನಿಂದ. ಎರಡೂ ಒಟ್ಟಿಗೆ ಬಂದರೆ ಕರೆಂಟಿನ ಗುಂಯ್‌ಗುಡುವಿಕೆ ಹಾಡಿಗೆ ಅಂಟುತ್ತದಂತೆ. ಬಾಯ್ಸ್ ಹಾಸ್ಟೆಲ್, ಗರ್ಲ್ಸ್ ಹಾಸ್ಟೆಲ್ ಅಂದುಕೊಂಡೆ. ಆದರೂ ಮೊದಲ ಸಲ ಹಚ್ಚಿದಾಗ ಕುಂಯ್ ಅಂತು. ಎಕ್ಸಲರೇಟರ್ ಒತ್ತಿದಷ್ಟೂ ಮೇಲೇರಿತು.

"ಅರ್ಥ ಸರಿ ಹತ್ತಿಲ್ರಿ ಅಕ್ಕೋರ."

"ಯಾವ ಶಬ್ದದ ಅರ್ಥ?"

"ಶಬ್ದದ್ದಲ್ರಿ, ವೈರಿನ ಅರ್ಥ್. ನೆಲಕ್ಕ ಹೋಗೂ ವೈರು."

ಬೋಲ್ಟಿನ ಕೆಳಗೆ ಬಣ್ಣವಿತ್ತು. ಬಣ್ಣದ ಮೇಲೆ ಬಿಗಿದರೆ ವೈರು ಲೋಹವನ್ನು ಮುಟ್ಟುವುದಿಲ್ಲ. ಈರಣ್ಣ ಉಜ್ಜುಕಾಗದ ತಂದು ಬೆಳ್ಳಗೆ ತಗಡು ಕಾಣುವ ತನಕ ತಿಕ್ಕಿದ, ಬಿಗಿದ. ಕುಂಯ್ ನಿಂತಿತು. ನನ್ನ ಗಂಡ ಕಾರಿನ ಬಣ್ಣಕ್ಕೆ ಉಗುರು ತಾಗಿದರೂ ಸಹಿಸುತ್ತಿರಲಿಲ್ಲ. ಉಜ್ಜಿದ ಬಣ್ಣದ ಪುಡಿಯನ್ನು ನಾನೇ ಸೆರಗಿನಿಂದ ಒರೆಸಿದೆ.

ಕಡೆಯ ಕೆಲಸ ಬಾಗಿಲಿನ ಸ್ಪೀಕರುಗಳ ತಂತಿ ಸೇರಿಸುವುದು. ಈರಣ್ಣ ಮುಂದೆ ಕಾಲಿಡುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ, ಸೀಟಿಗೆ ಮುಖಮಾಡಿ ಕೂತಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂತು ಮ್ಯಾನ್ಯುಯಲ್ ಓದಿ ಹೇಳುತ್ತಿದ್ದೆ. ಅಂದರೆ ನಾವಿಬ್ಬರೂ ಎದುರುಬದುರು.

"ಇದು ಬಲಕ್ಕೆ" ಅಂದೆ.

"ಬಲಾ ಅಂದ್ರ ಯಾವ ಬಲಾ ಅಕ್ಕೋರ?"

"ಬಲ ಅಂದರೆ ಬಲ. ಉಣ್ಣೋ ಕೈ."

ಹೈಸ್ಕೂಲಿನಲ್ಲಿ ನಾನು ಹೇಳಿಕೊಡುತ್ತಿದ್ದದ್ದೇ ಹಾಗೆ: ರೈಟ್ ಅಂದರೆ ಉಣ್ಣೋ ಕೈ. ಹಳ್ಳಿಯಿಂದ ಬಂದ ಮಕ್ಕಳಿಗೆ ಅದೊಂದೇ ತಪ್ಪದ ಗುರುತು. ಈರಣ್ಣ ವಿಧೇಯ ವಿದ್ಯಾರ್ಥಿಯಂತೆ ತನ್ನ ಉಣ್ಣೋ ಕೈ ನೋಡಿಕೊಂಡ, ಆ ಕಡೆಗೆ ಜೋಡಿಸಿದ. ಅದು ಕಾರಿನ ಎಡಗಡೆಯಾಗಿತ್ತು. ಇಬ್ಬರಿಗೂ ಗೊತ್ತಾಗಲಿಲ್ಲ. ಪರೀಕ್ಷೆಗೆ ಅವನು ಹಚ್ಚಿದ ಹಾಡಿನಲ್ಲಿ ಎಡಬಲ ತಿಳಿಯುವಂಥದ್ದೇನೂ ಇರಲಿಲ್ಲ.

ಮರುದಿನ ಕಮತಗಿಗೆ ಹೋದೆ. ಹೊಸ ವಸ್ತು ಬಂದಿದೆ ಎಂದು ಗಂಗವ್ವ ಬೀರಪ್ಪನ ಭಂಡಾರದ ಚೀಲ ತಂದಳು. ಸ್ಟೀರಿಂಗಿಗೆ ಹಚ್ಚಿದಳು. ಸೀಟಿನ ಕೆಳಗೆ ಬಗ್ಗಿ, ಆಂಪ್ಲಿಫೈಯರಿಗೆ ಹಚ್ಚುವ ಬದಲು ಒಂದು ಮುಷ್ಟಿ ಎರಚಿಯೇ ಬಿಟ್ಟಳು.

"ಗಂಗವ್ವಾ, ಅದು ಮಷೀನು!"

"ಮಷೀನಿಗೂ ದೇವರ ಬೇಕಲ್ರಿ ಅಕ್ಕಾ."

ಸಿದ್ದಪ್ಪ ಕಟ್ಟೆಯಿಂದ ನೋಡುತ್ತಿದ್ದ. ಶರತ್ತು ಹಾಕಿದವನು ಅವನೇ, ಇಲ್ಲ ಅನ್ನಲಾಗಲಿಲ್ಲ. ಬಂದು ಕೂತ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕಾರು ಹೊರಟಿತು, ನಾನು ಹಚ್ಚಿದೆ.

ಮೊದಲ ಏಟಿಗೆ ಸೀಟು ಅದುರಿತು. ನನ್ನ ಎದೆಯ ಮೂಳೆಯಲ್ಲಿ ಏನೋ ಬಡಿದಂತಾಯಿತು. ಸಿದ್ದಪ್ಪ ಕಣ್ಣು ಮುಚ್ಚಿದ. ಊರು ಹಿಂದೆ ಬಿತ್ತು. ಆಮೇಲೆ ಹುಬ್ಬು ಗಂಟಿಕ್ಕಿ, "ನಿಂದರಸ್ರಿ" ಅಂದ. ನಾನು ಕಾರು ಬದಿಗೆ ತಂದೆ.

"ಯಾರ್ರಿ ಇಂವ?"

"ಯಾರು?"

"ಈ ಬಾರಸಾವ."

"ನೀನೇ ಅಲ್ಲೇನೋ. ನಿನ್ನದೇ ರೆಕಾರ್ಡಿಂಗು."

"ನಾ ಅಲ್ಲ ತಗೀರಿ. ನಡಿಗಿ ನಂದು. ಏಟೂ ನಂದ. ಆದ್ರ ಕೋಲು ಇಲ್ಲಿ ಬೀಳಾಕತ್ತೇತಿ" ಅಂದು ಎಡ ಬಾಗಿಲನ್ನು ಬಡಿದು ತೋರಿಸಿದ. "ಅಂಗೈ ನಿಮ್ಮ ಕಡೆ. ಇಂವ ಎಡಚ ಅದಾನ."

ಆಗ ನನಗೆ ಹೊಳೆಯಿತು. ಹಿಂದಿನ ದಿನದ ಎದುರುಬದುರು, ಉಣ್ಣೋ ಕೈ, ಎಲ್ಲ ಹೇಳಿದೆ. ವಾಪಸು ಹೋಗುವಾಗ ಇಳಕಲ್ಲಿಗೇ ಹೋಗಿ ತಿದ್ದಿಸುತ್ತೇನೆ ಅಂದೆ. ಅವನು ಹಾಡು ಮತ್ತೆ ಮೊದಲಿನಿಂದ ಹಚ್ಚಿಸಿದ. ಎಡಗೈಯ ಬೆರಳು ಬಾಗಿಲ ಮೇಲೆ ಮೆಲ್ಲಗೆ ಹಿಂಬಾಲಿಸುತ್ತಿತ್ತು.

"ಎಡಗೈಲೆ ಕೋಲು ಹಿಡಿದ್ರ..." ಅಂದು ನಿಲ್ಲಿಸಿದ. ಆಮೇಲೆ, "ಹಿಡೀಬಾರದು. ದೇವರ ವಾದ್ಯ ಅದು."

ನನಗೆ ಬೀರಪ್ಪನ ಶಾಸ್ತ್ರ ಗೊತ್ತಿಲ್ಲ. ಗೊತ್ತಿದ್ದದ್ದು ಹೇಳಿದೆ. "ಕಾನ್ವೆಂಟಿನಾಗ ನಮಗ ಎಡಗೈಲೇ ಉಣ್ಣಲಿಕ್ಕೆ ಕಲಿಸಿದ್ರು ಸಿದ್ದಪ್ಪ. ಬಲಗೈಯಾಗ ಚಾಕು, ಎಡಗೈಯಾಗ ಫೋರ್ಕು. ಬಲಗೈಲೆ ತಿಂದ್ರ ಸಿಸ್ಟರು ಕೈ ಮ್ಯಾಲ ಸ್ಕೇಲಿನಿಂದ ಹೊಡೀತಿದ್ರು."

ಅವನು ತಿರುಗಿ ನೋಡಿದ. "ಖರೇನ?"

"ಖರೆ. ಎಂಟು ವರ್ಷ ತಿಂದೇನಿ."

"ಎಡಗೈಲೆ ಉಂಡು ಉಂಡು ಅದಕ್ಕ ನಿಮಗ ಇಂಗ್ಲಿಷ್ ಬಂತ ನೋಡ್ರಿ" ಅಂದು ನಕ್ಕ. ಲಕ್ವಾ ಆದಮೇಲೆ ಅವನು ನಕ್ಕಿದ್ದನ್ನು ನಾನು ಮೊದಲ ಸಲ ಕಂಡೆ. ನಗು ಒಂದು ಕಡೆಗೆ ವಾಲಿತ್ತು. ಕಾರು ಬಾಗಲಕೋಟೆಯತ್ತ ಹೊರಟಿತು. ತಿದ್ದಿಸುವ ಮಾತು ಎತ್ತಿದಾಗ, "ಇರ್ಲಿ ಬಿಡ್ರಿ ವೈನಿ, ಇಂವ ಭಾಳ ಚಂದ ಬಾರಸ್ತಾನ" ಅಂದ.

ಆ ಮುಂಗಾರಿನಲ್ಲಿ ನಾವು ಅದೆಷ್ಟು ಸಲ ಹೋಗಿಬಂದೆವೋ. ಹೊಲಗಳಲ್ಲಿ ಹೆಸರು ಬಿತ್ತಿದ್ದು, ಎಳೆ ಬಳ್ಳಿಯಾದದ್ದು, ಕಾಯಿ ಕಪ್ಪಾದದ್ದು ಎಲ್ಲ ಕಾರಿನ ಕಿಟಕಿಯಿಂದ ಕಂಡದ್ದು. ಮಳೆ ಸುರಿಯುವ ದಿನ ಕಿಟಕಿ ಏರಿಸಿದರೆ ಒಳಗೆ ಡೊಳ್ಳು ಕಿವಿಗಡಚಿಕ್ಕುತ್ತಿತ್ತು. ಅವನು ಪ್ರತಿಸಲ, "ಕಿವಿ ಮುಚ್ಕೊರ್ರಿ" ಅನ್ನುವನು. ಸ್ಟೀರಿಂಗ್ ಬಿಟ್ಟು ಹೇಗೆ ಮುಚ್ಚಿಕೊಳ್ಳಲಿ? ಆಂಪ್ಲಿಫೈಯರ್ ಬಿಸಿಯಾದಂತೆ ಭಂಡಾರದ ವಾಸನೆ ಅವನ ಸೀಟಿನ ಕೆಳಗಿನಿಂದ ಏಳುತ್ತಿತ್ತು. ನವನಗರದ ಸೆಕ್ಟರುಗಳು ಒಂದರಂತೆ ಒಂದು. ನಾನು ಆಗಾಗ ದಾರಿ ತಪ್ಪುತ್ತಿದ್ದೆ. "ಇನ್ನೊಂದ ಸುತ್ತ ಹೊಡೀರಿ, ಹಾಡು ಮುಗಿದಿಲ್ಲ" ಅನ್ನುತ್ತಿದ್ದ. ಒಳಗೆ ಹೋಗಿ ರಬ್ಬರ್ ಚೆಂಡು ಹಿಚುಕುತ್ತಿದ್ದ. ಅಂಗೈ ಬಿಚ್ಚುವುದು, ಮಡಚುವುದು, ಮೇಜಿನ ಮೇಲೆ ಚಪ್ಪಟೆ ಇಡುವುದು. ಹಾಗೆ ಇಡಲು ಬಂದ ದಿನ ಅವನು ಹುಡುಗಿಯ ಮೇಜನ್ನು ಒಮ್ಮೆ ಬಡಿದು ನೋಡಿದನಂತೆ. ಪೆನ್ನುಗಳು ಕೆಳಗೆ ಬಿದ್ದುವಂತೆ. ಅವಳೇ ಹೊರಬಂದು ದೂರು ಹೇಳಿದಳು.

ಕೋಲು ಹಿಡಿಯುವಷ್ಟು ಬಿಗಿ ಆ ಕೈಗೆ ಬರಲೇ ಇಲ್ಲ. ಅಂಗಿಯ ಗುಂಡಿ ಕಡೆಯ ತನಕ ಗಂಗವ್ವನೇ ಹಾಕುತ್ತಿದ್ದಳು. ಆದರೆ ಅಂಗೈಗೆ ಬಿಗಿ ಬೇಕಿಲ್ಲ, ಬಿದ್ದರೆ ಸಾಕು.

ಹಬ್ಬ ಹುಣ್ಣಿಮೆ ಏನೂ ಅಲ್ಲದ ಒಂದು ಸೋಮವಾರ ಮೇಳದವರು ಗುಡಿಯ ಮುಂದೆ ಅಭ್ಯಾಸಕ್ಕೆಂದು ಸೇರಿದ್ದರು. ಸಿದ್ದಪ್ಪ ಕೌದಿ ತೆಗೆಸಿ ಡೊಳ್ಳು ಹೊರಿಸಿಕೊಂಡು ಬಂದ. ಭಂಡಾರ ಹಚ್ಚಿ, ಕೈಮುಗಿದು, ಹಗ್ಗವನ್ನು ಹೆಗಲಿಗೆ ಏರಿಸಿಕೊಂಡು, ಡೊಳ್ಳಿನ ಮೈ ಅದಲುಬದಲಾಗುವಂತೆ ತಿರುಗಿಸಿ ನಿಂತ. ಕೋಲು ಎಡಗೈಯಲ್ಲಿ, ಬಲಗೈ ಬರಿ ಅಂಗೈ. ಎಲ್ಲರೂ ಪೂಜಾರಿ ಮಾಳಪ್ಪಜ್ಜನ ಮುಖ ನೋಡಿದರು. ನಾನೂ ನೋಡಿದೆ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಡೊಳ್ಳು ಮತ್ತೆ ಕೌದಿಯೊಳಗೆ.

ಅಜ್ಜ ಕೋಲನ್ನೂ ಕೈಯನ್ನೂ ನೋಡಿದ. "ಲೇ ಸಿದ್ದಾ, ಎಡಚ ಆದೇನು?"

"ಹೌದಜ್ಜಾ."

"ಹಂಗಾದ್ರ ನಡುವ ನಿಂದರಬ್ಯಾಡ. ಬಾಜೂಕಿನವನ ಕೋಲಿಗೆ ನಿನ್ನ ಕೋಲು ಬಡೀತೈತಿ. ಸಾಲಿನ ಎಡಾ ತುದೀಗೆ ಹೋಗು."

ಅಷ್ಟೇ. ಮುಂದಾಳು ಸಾಲಿನ ತುದಿಗೆ ಹೋಗಿ ನಿಂತ. ಹೆಚ್ಚು ಹೊತ್ತು ಬಾರಿಸಲಾಗಲಿಲ್ಲ. ಎಳೆಯುವ ಕಾಲು ನಿಲ್ಲಗೊಡಲಿಲ್ಲ, ಕೂತುಬಿಟ್ಟ. ಅದೇ ದಿನ ಗುಡಿಯ ಪ್ರಸಾದವನ್ನು ನಾಲ್ಕು ಮಂದಿಯ ನಡುವೆ ಕೂತು, ಎಡಗೈಯಲ್ಲಿ ತಿಂದ. "ನಮ್ಮ ವೈನಿ ಕಾನ್ವೆಂಟಿನ ಪದ್ಧತಿ ಇದು" ಎಂದು ಕೇಳದವರಿಗೂ ಹೇಳುತ್ತಿದ್ದ.

ಆಮೇಲೆ ಹಲವು ವರ್ಷ ಆ ತುದಿಯಲ್ಲಿ ನಿಂತು ಬಾರಿಸಿದ. ಹೋದ ವರ್ಷ ನಿದ್ದೆಯಲ್ಲಿ ತೀರಿಕೊಂಡ. ಎಡಗೈಯಲ್ಲಿ ಬಾರಿಸಿದ್ದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಫೋನು ಎಲ್ಲರ ಕಿಸೆಯಲ್ಲೂ ಇತ್ತು.

ಚಹಾ ಮುಗಿದಿತ್ತು. ಈರಣ್ಣ ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದ. "ಏನ್ ಮಾಡ್ಲಿ ಅಕ್ಕೋರ, ತಿದ್ಲ್ಯಾ?"

"ಬ್ಯಾಡ. ಹೊಸಾ ಸ್ಟೀರಿಯೊ ಹಾಕು. ಆ ವೈರು ಹೆಂಗ ಅದಾವೋ ಹಂಗ ಇರ್ಲಿ."

"ತಪ್ಪ ಐತಲ್ರಿ!"

"ಇರ್ಲಿ."

ಹುಬ್ಬೇರಿಸಿ ಕೆಲಸಕ್ಕೆ ತೊಡಗಿದ. ರಿಟೈರ್ ಆದ ಟೀಚರುಗಳ ಬಗ್ಗೆ ಅವನಿಗೆ ಅವನದೇ ಅಭಿಪ್ರಾಯಗಳಿವೆ.

ಮರಳುವಾಗ ಹುನಗುಂದದಲ್ಲಿ ಇಳಿಯದೆ ಕಮತಗಿಗೆ ಹೋದೆ. ಗಂಗವ್ವನಿಗೆ ಬಾಗಲಕೋಟೆಯಲ್ಲಿ ಕಣ್ಣು ತೋರಿಸುವುದಿತ್ತು. ಅವಳು ಎಡ ಸೀಟಿನಲ್ಲಿ ಕೂತಳು. ಹೊಸ ಸ್ಟೀರಿಯೊಗೆ ಫೋನ್ ಜೋಡಿಸಿ ಸಿದ್ದಪ್ಪನ ಆ ಹಳೆಯ ರೆಕಾರ್ಡಿಂಗ್ ಹಚ್ಚಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೀಟಿನ ಕೆಳಗಿನಿಂದ ವಾಸನೆ ಎದ್ದಿತು. ಗಂಗವ್ವ ಪಕ್ಕದ ಬಾಗಿಲಿನ ಸ್ಪೀಕರಿನ ಮೇಲೆ ಅಂಗೈ ಇಟ್ಟಳು, ಕೋಲು ಬೀಳುವಲ್ಲಿ.

"ಎಡಾ ತುದೀಗೆ ನಿಂತಾರ ನೋಡ್ರಿ ಅಕ್ಕಾ" ಅಂದಳು.